ಜ್ವರ ಇಳಿದ ಮೇಲೆ ಉಳಿಯುವ ಹೊಣೆ

ಸೇಡಂ ತಾಲ್ಲೂಕಿನ ಕೋಡ್ಲಾ ಗ್ರಾಮದ ಕುಟುಂಬವೊಂದು ನಾನು ಕಲಬುರಗಿ ಜಿಲ್ಲೆಯಲ್ಲಿ ಸರ್ಕಾರಿ ಸೇವೆಯಲ್ಲಿದ್ದ ದಿನಗಳಿಂದಲೂ ನನಗೆ ಪರಿಚಿತ. ಅಜ್ಜ ಗ್ರಾಮ ಸಹಾಯಕರಾಗಿದ್ದವರು. ಮಗ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕಾರ್ಮಿಕ. ಮನೆಗೆ ಮೂರು ಎಕರೆ ತೊಗರಿ ಹೊಲ. ಕಳೆದ ವರ್ಷ ಆ ಮನೆಯ ಮದುವೆಗೆಂದು ಹೋಗಿದ್ದಾಗ ಹದಿನಾಲ್ಕು ವರ್ಷದ ಮೊಮ್ಮಗನನ್ನು ನನ್ನೆದುರು ನಿಲ್ಲಿಸಿ ಅವನ ತಾಯಿ ಹೇಳಿದರು: ‘ಸಾಹೇಬ್ರ, ಸಾಲಿ ಕಬಡ್ಡಿ ಟೀಮಿಗೆ ಇವನ್ನ ತಗೊಂಡಾರ್ರಿ. ಆಡಸ್ಬೇಕೋ ಬ್ಯಾಡೋ ತಿಳಿವಲ್ದು.’

ಹುಡುಗ ನೋಡಲು ಗಟ್ಟಿಮುಟ್ಟಾಗಿಯೇ ಇದ್ದ. ತಾಯಿಯ ಆತಂಕದ ಮೂಲ ಹನ್ನೊಂದು ವರ್ಷಗಳಷ್ಟು ಹಿಂದಿನದು. ಆಗ ಅವನಿಗೆ ಮೂರು ವರ್ಷ. ಬಿಡದ ಜ್ವರ, ಕೆಂಪಾದ ಕಣ್ಣು, ಒಡೆದ ತುಟಿ, ಮೈಮೇಲೆ ದದ್ದು. ದಡಾರವೆಂದು ಭಾವಿಸಿ ಬೇವಿನ ಸೊಪ್ಪು ಹಾಸಿ ಮಲಗಿಸಿದರು. ಬಳಿಕ ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆದರು. ಹತ್ತನೆಯ ದಿನದ ಹೊತ್ತಿಗೆ ಬೆರಳ ತುದಿಯ ಚರ್ಮ ಸುಲಿಯತೊಡಗಿತು. ಕೊನೆಗೆ ನಗರದ ಆಸ್ಪತ್ರೆಯೊಂದರಲ್ಲಿ ಎಕೊ ತಪಾಸಣೆ ಮಾಡಿದ ವೈದ್ಯರು, ಹೃದಯಕ್ಕೆ ರಕ್ತ ಒದಗಿಸುವ ನಾಳ ಹಿಗ್ಗಿದೆಯೆಂದು ತಿಳಿಸಿ, ದುಬಾರಿ ಔಷಧವನ್ನು ರಕ್ತನಾಳಕ್ಕೆ ಹರಿಸಿ ಮಗುವನ್ನು ಉಳಿಸಿದರು. ‘ತಪ್ಪದೆ ತೋರಿಸುತ್ತಿರಿ’ ಎಂದು ಹೇಳಿ ಕಳುಹಿಸಿದರು. ಎರಡು ಬಾರಿ ಹೋದರು. ಮೂರನೆಯ ಬಾರಿ ಹೋಗಲಿಲ್ಲ. ಆ ವರ್ಷ ಬೆಳೆ ಕೈಕೊಟ್ಟಿತ್ತು, ಮಗು ಚೆನ್ನಾಗಿ ಆಡಿಕೊಂಡಿತ್ತು. ಆಸ್ಪತ್ರೆಯ ಕಾಗದಗಳು ಸೋರುವ ಮಾಳಿಗೆಯ ಕೆಳಗೆ ನೆನೆದು ಹೋದವು. ವರ್ಷಗಳ ಬಳಿಕ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ, ಅಷ್ಟು ಹಳೆಯ ದಾಖಲೆ ಸಿಗುವುದಿಲ್ಲ ಎಂಬ ಉತ್ತರ ದೊರೆಯಿತು.

ಆ ತಾಯಿಯ ಪ್ರಶ್ನೆಗೆ ಉತ್ತರಿಸುವ ಶಕ್ತಿ ನನಗಿರಲಿಲ್ಲ. ವೈದ್ಯರೊಬ್ಬರ ಬಳಿ ಕಳುಹಿಸಿದಾಗ ಅವರೂ ತಕ್ಷಣ ಉತ್ತರಿಸಲಾರದೆ ಹೋದರು. ಅವರ ಜ್ಞಾನದಲ್ಲಿ ಕೊರತೆಯಿರಲಿಲ್ಲ. ಉತ್ತರಕ್ಕೆ ಬೇಕಾಗಿದ್ದದ್ದು ಹನ್ನೊಂದು ವರ್ಷ ಹಿಂದೆ ತೆಗೆದ ಒಂದು ಅಳತೆ, ಕೆಲವೇ ಮಿಲಿಮೀಟರುಗಳ ಲೆಕ್ಕ. ಅದು ಈಗ ಯಾರ ಬಳಿಯೂ ಇಲ್ಲ. ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಬಹು ದೊಡ್ಡ ದೋಷವೊಂದು ಈ ಸಣ್ಣ ಸಂಗತಿಯಲ್ಲಿ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಕಾಯಿಲೆಯ ಸ್ವರೂಪ

ಆ ಬಾಲಕನನ್ನು ಕಾಡಿದ್ದು ಕಾವಾಸಾಕಿ ಕಾಯಿಲೆ. ಜಪಾನಿನ ಮಕ್ಕಳ ತಜ್ಞ ಟೊಮಿಸಾಕು ಕಾವಾಸಾಕಿ ಅವರು 1961ರಲ್ಲಿ ಟೋಕಿಯೊದ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನಲ್ಲಿ ಈ ಲಕ್ಷಣಗಳ ಕೂಟವನ್ನು ಮೊದಲು ಗುರುತಿಸಿದರು. ಇಂತಹ 50 ಮಕ್ಕಳ ವಿವರವನ್ನು 1967ರಲ್ಲಿ ಪ್ರಕಟಿಸಿದರು. ಆರಂಭದಲ್ಲಿ ಇದು ತಾನಾಗಿಯೇ ವಾಸಿಯಾಗುವ ನಿರಪಾಯಕಾರಿ ಜ್ವರವೆಂದೇ ನಂಬಲಾಗಿತ್ತು. ಚೇತರಿಸಿಕೊಂಡಂತೆ ಕಂಡ ಕೆಲವು ಮಕ್ಕಳು ಹಠಾತ್ತನೆ ಮೃತಪಟ್ಟು, ಶವಪರೀಕ್ಷೆಯಲ್ಲಿ ಹೃದಯದ ನಾಳಗಳು ಉಬ್ಬಿ ಹೆಪ್ಪುಗಟ್ಟಿರುವುದು ಕಂಡಾಗಲೇ ಇದರ ನಿಜರೂಪ ಬಯಲಾಯಿತು. ಡಾ. ಕಾವಾಸಾಕಿ 2020ರ ಜೂನ್‌ನಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು. ಕಾಯಿಲೆಯ ಮೂಲ ಕಾರಣ ಅವರ ಜೀವಿತಾವಧಿಯಲ್ಲಿ ಪತ್ತೆಯಾಗಲಿಲ್ಲ, ಇಂದಿಗೂ ಪತ್ತೆಯಾಗಿಲ್ಲ.

ಇದು ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳನ್ನು ಬಾಧಿಸುವ, ಮಧ್ಯಮ ಗಾತ್ರದ ರಕ್ತನಾಳಗಳ ಉರಿಯೂತ. ಐದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದ ಜ್ವರ, ಕೀವಿಲ್ಲದೆ ಕೆಂಪಾಗುವ ಎರಡೂ ಕಣ್ಣು, ಒಡೆದು ಕೆಂಪೇರಿದ ತುಟಿ ಮತ್ತು ನಾಲಿಗೆ, ಮೈಮೇಲೆ ದದ್ದು, ಅಂಗೈ ಅಂಗಾಲುಗಳ ಬಾವು, ಬಳಿಕ ಬೆರಳ ತುದಿಯ ಚರ್ಮ ಸುಲಿಯುವುದು, ಕುತ್ತಿಗೆಯ ಗಂಟು. ಇವು ಇದರ ಲಕ್ಷಣಗಳು. ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಳ್ಳದೆ ಒಂದೊಂದಾಗಿ ಬಂದು ಹೋಗುವುದೂ ಉಂಟು. ಆದ್ದರಿಂದ ವೈದ್ಯರು ನೋಡುವುದರ ಜೊತೆಗೆ ತಾಯಿ ಹೇಳುವುದನ್ನೂ ಕೇಳಿಸಿಕೊಳ್ಳಬೇಕಾದ ಕಾಯಿಲೆ ಇದು. ಬಿಸಿಜಿ ಲಸಿಕೆ ಹಾಕಿಸಿದ ತೋಳಿನ ಹಳೆಯ ಕಲೆ ಮತ್ತೆ ಕೆಂಪಾಗಿ ಊದಿಕೊಂಡರೆ ಅದೂ ಒಂದು ಸುಳಿವು. ಹುಟ್ಟಿದ ಮಕ್ಕಳಿಗೆಲ್ಲ ಬಿಸಿಜಿ ಹಾಕುವ ನಮ್ಮ ದೇಶದಲ್ಲಿ ಈ ಸುಳಿವು ಹೆಚ್ಚು ಉಪಯುಕ್ತ.

ಚಿಕಿತ್ಸೆ ಇದೆ, ಅದು ಪರಿಣಾಮಕಾರಿಯೂ ಹೌದು. ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ತಯಾರಾಗುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಜ್ವರ ಆರಂಭವಾದ ಹತ್ತು ದಿನಗಳೊಳಗೆ ನೀಡಿದರೆ ನಾಳ ಉಬ್ಬುವ ಅಪಾಯ ಗಣನೀಯವಾಗಿ ಇಳಿಯುತ್ತದೆ. ಜಪಾನ್ ಮತ್ತು ಅಮೆರಿಕದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳು ಇದನ್ನು ಸಾಬೀತುಪಡಿಸಿದವು. ಚಿಕಿತ್ಸೆ ಸಿಗದ ನಾಲ್ಕು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಹೃದಯದ ನಾಳ ಉಬ್ಬುತ್ತದೆ. ಸಕಾಲದಲ್ಲಿ ಸಿಕ್ಕರೆ ಈ ಪ್ರಮಾಣ ಶೇ 5ರ ಆಸುಪಾಸಿಗೆ ಇಳಿಯುತ್ತದೆ. ಔಷಧದ ಪ್ರಮಾಣ ಮಗುವಿನ ಪ್ರತಿ ಕಿಲೊ ತೂಕಕ್ಕೆ 2 ಗ್ರಾಂ. ಹನ್ನೆರಡು ಕಿಲೊ ತೂಗುವ ಮಗುವಿಗೆ 24 ಗ್ರಾಂ ಬೇಕು. ಅದರ ವೆಚ್ಚ ಹತ್ತಾರು ಸಾವಿರ ರೂಪಾಯಿ.

ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿ ಪ್ರಕಟವಾದದ್ದು 1977ರಲ್ಲಿ. ಚಂಡೀಗಡದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ದಶಕಗಳಿಂದ ಇಂತಹ ಮಕ್ಕಳ ದಾಖಲೆ ಇರಿಸುತ್ತಾ ಬಂದಿದೆ. ಅಲ್ಲಿನ ಲೆಕ್ಕದಂತೆ 15 ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ 1994ರಲ್ಲಿ 0.51ರಷ್ಟಿದ್ದ ಪ್ರಮಾಣ 2007ರ ವೇಳೆಗೆ 4.54ಕ್ಕೆ ಏರಿತು. ಕಾಯಿಲೆಯೇ ಹೆಚ್ಚಿತೋ, ಗುರುತಿಸುವ ಕಣ್ಣುಗಳು ಹೆಚ್ಚಿದವೋ ಎಂಬುದು ಚರ್ಚೆಯ ವಿಷಯ, ಎರಡೂ ಇದ್ದೀತು. ಅದೇನೇ ಇದ್ದರೂ, ಹುಡುಕಿದ ಕಡೆ ಕಾಯಿಲೆ ಸಿಕ್ಕಿತು ಎಂಬುದಂತೂ ನಿಜ. ಕಲಬುರಗಿಯ ಹಳ್ಳಿಗಳಲ್ಲಿ ಇದು ಇಲ್ಲವೆಂದು ಹೇಳಬೇಕಾದರೆ ಮೊದಲು ಅಲ್ಲಿಯೂ ಹುಡುಕಿರಬೇಕು.

ಕೋವಿಡ್ ಕಾಲದಲ್ಲಿ ಕಾವಾಸಾಕಿಯ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದನ್ನು ಓದುಗರು ಮರೆತಿರಲಾರರು. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು, ಸೋಂಕು ತಗುಲಿದ ಕೆಲವು ವಾರಗಳ ನಂತರ ಮಕ್ಕಳಲ್ಲಿ ಕಾವಾಸಾಕಿಯನ್ನು ಹೋಲುವ ಬಹು ಅಂಗಗಳ ಉರಿಯೂತ ಕಂಡುಬರುತ್ತಿದೆ ಎಂದು ಎಚ್ಚರಿಸಿದರು. 2021ರ ಎರಡನೆಯ ಅಲೆಯ ಬಳಿಕ ಕರ್ನಾಟಕದ ಆಸ್ಪತ್ರೆಗಳಿಗೂ ಅಂತಹ ಮಕ್ಕಳು ಬಂದರು. ಅದು ಬೇರೆಯೇ ಕಾಯಿಲೆ. ಆದರೆ ಜ್ವರ ಬಂದ ಮಗುವಿಗೂ ಹೃದಯದ ಎಕೊ ಬೇಕಾಗಬಹುದೆಂಬ ಪಾಠವನ್ನು ಅದು ಜಿಲ್ಲಾ ಮಟ್ಟದವರೆಗೆ ಕಲಿಸಿತು. ಕಲಿತ ಪಾಠವನ್ನು ಮರೆಯದಂತೆ ಉಳಿಸಿಕೊಳ್ಳುವುದು ಈಗಿನ ಅಗತ್ಯ.

ವಾಸಿಯಾಯಿತು ಎಂದರೇನು?

ಜ್ವರ ಇಳಿದ ನಂತರದ ಕಥೆ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಇಲ್ಲಿಯೇ ಮೊದಲಿನ ಆ ಅಳತೆಯ ಮಹತ್ವ ಇರುವುದು. ಮೂರು ವರ್ಷದ ಮಗುವಿನಲ್ಲಿ ಹೃದಯದ ನಾಳದ ಸಹಜ ಅಗಲ ಸುಮಾರು 2 ಮಿಲಿಮೀಟರ್. ಮಗುವಿನ ಮೈಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಿ ಉಬ್ಬನ್ನು ಸಣ್ಣದು, ಮಧ್ಯಮ, ದೈತ್ಯ ಎಂದು ವಿಂಗಡಿಸುತ್ತಾರೆ. 8 ಮಿಲಿಮೀಟರ್ ಮುಟ್ಟಿದರೆ ಅದು ದೈತ್ಯ. ಅಮೆರಿಕದ ಹೃದ್ರೋಗ ಸಂಘಟನೆ 2017ರಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಮಗುವಿನ ಮುಂದಿನ ಬದುಕಿನ ಆರೈಕೆ ನಿರ್ಧಾರವಾಗುವುದು ಈಗಿನ ಅಳತೆಯಿಂದ ಮಾತ್ರವಲ್ಲ. ಕಾಯಿಲೆಯ ಕಾಲದಲ್ಲಿ ನಾಳ ಅತಿ ಹೆಚ್ಚು ಎಷ್ಟು ಉಬ್ಬಿತ್ತು ಎಂಬುದೂ ಅಷ್ಟೇ ಮುಖ್ಯ.

ನಾಳಕ್ಕೆ ಏನೂ ಆಗದ ಮಕ್ಕಳೇ ಬಹುಪಾಲು. ಅವರ ಪೋಷಕರು ಹೆದರಬೇಕಿಲ್ಲ. ಆರು ವಾರಗಳ ಎಕೊ ಸಹಜವಾಗಿದ್ದರೆ ಆಸ್ಪಿರಿನ್ ನಿಲ್ಲಿಸುತ್ತಾರೆ. ಹೆಚ್ಚೆಂದರೆ ಒಂದು ವರ್ಷದೊಳಗೆ ಹೃದಯ ತಜ್ಞರ ಹಂಗು ತೀರುತ್ತದೆ. ಆ ಮಕ್ಕಳು ಓಡಬಹುದು, ಈಜಬಹುದು, ಕುಸ್ತಿಯನ್ನೂ ಆಡಬಹುದು. ಅವರ ಹೃದಯದ ಭವಿಷ್ಯ ಇತರ ಮಕ್ಕಳಿಗಿಂತ ಭಿನ್ನವೆಂದು ದೀರ್ಘಾವಧಿಯ ಅಧ್ಯಯನಗಳು ತೋರಿಸಿಲ್ಲ. ಹೃದಯದ ಮಾತು ಕಿವಿಗೆ ಬಿದ್ದ ಮಾತ್ರಕ್ಕೆ ಆರೋಗ್ಯವಂತ ಮಗುವನ್ನು ಜೀವಮಾನವಿಡೀ ಅಂಗಳದ ಬದಿಯಲ್ಲಿ ಕೂರಿಸುವುದೂ ಒಂದು ಅನ್ಯಾಯವೇ.

ಇನ್ನೊಂದು ತುದಿಯಲ್ಲಿ ದೈತ್ಯ ಉಬ್ಬುಗಳ ಮಕ್ಕಳಿದ್ದಾರೆ. ಉಬ್ಬಿದ ನಾಳದಲ್ಲಿ ರಕ್ತ ಸುಳಿಯುತ್ತಾ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಉಬ್ಬಿನ ಅಂಚಿನಲ್ಲಿ ನಾಳ ಕ್ರಮೇಣ ಕಿರಿದಾಗುತ್ತದೆ, ಸುಣ್ಣ ಕಟ್ಟುತ್ತದೆ. ಮೊದಲ ಒಂದೆರಡು ವರ್ಷಗಳಲ್ಲಿ ಹೃದಯಾಘಾತದ ಅಪಾಯ ಅತ್ಯಧಿಕ; ಮುಂದೆಯೂ ಅದು ಪೂರ್ಣ ಹೋಗುವುದಿಲ್ಲ. ಇವರಿಗೆ ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂತಹ ಔಷಧ ಬೇಕು. ಅದರ ಪ್ರಮಾಣ ಹೆಚ್ಚುಕಡಿಮೆಯಾಗದಂತೆ ಆಗಾಗ ರಕ್ತಪರೀಕ್ಷೆ ಬೇಕು. ಕೆಲವೇ ತಿಂಗಳಿಗೊಮ್ಮೆ ಹೃದಯ ತಜ್ಞರ ಭೇಟಿ ಬೇಕು. ರಕ್ತ ತೆಳುವಾಗಿಸುವ ಇಂತಹ ಔಷಧ ಸೇವಿಸುವವರು ಪೆಟ್ಟು ಬೀಳುವ ಆಟಗಳಿಂದ ದೂರವಿರಬೇಕು. ಕಬಡ್ಡಿ, ಕುಸ್ತಿ ಎರಡೂ ಈ ಪಟ್ಟಿಗೆ ಸೇರುತ್ತವೆ.

ಇವೆರಡರ ನಡುವಿನ ಗುಂಪೇ ಅತ್ಯಂತ ಜಟಿಲ. ಉಬ್ಬಿದ ನಾಳಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೆರಡು ವರ್ಷಗಳಲ್ಲಿ ಸಹಜ ಅಗಲಕ್ಕೆ ಮರಳುತ್ತವೆ. ಎಕೊ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ನಾಳದ ಒಳಗೋಡೆ ದಪ್ಪವಾಗಿ ಒಳದಾರಿ ಕಿರಿದಾದದ್ದರಿಂದಲೂ ಹೀಗೆ ಕಾಣಬಹುದು. ಬಿರುಕಿಗೆ ಗಿಲಾವು ಬಳಿದ ಗೋಡೆಯಂತೆ ಮೇಲ್ನೋಟಕ್ಕೆ ಸಮ. ಒಳಗಿನ ಕಟ್ಟಡ ಮೊದಲಿನದಲ್ಲ. ಇಂತಹವರಿಗೆ ಕೆಲವು ವರ್ಷಗಳಿಗೊಮ್ಮೆ ಶ್ರಮ ಪರೀಕ್ಷೆ ಅಥವಾ ನಾಳಗಳ ಚಿತ್ರಣ ಅಗತ್ಯ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬಿನಂಶ, ಬೊಜ್ಜು ಇವುಗಳ ಮೇಲೆ ಇತರರಿಗಿಂತ ಮೊದಲೇ ಕಣ್ಣಿಡಬೇಕು. ತಂಬಾಕು ಯಾವ ರೂಪದಲ್ಲೂ ಕೂಡದು. ಉಬ್ಬು ಉಳಿದುಕೊಂಡ ಹೆಣ್ಣುಮಗಳು ಬೆಳೆದು ಗರ್ಭಿಣಿಯಾದಾಗ ಪ್ರಸೂತಿ ತಜ್ಞರಿಗೆ ಬಾಲ್ಯದ ಈ ಸಂಗತಿ ಗೊತ್ತಿರಬೇಕು. ಗಂಡನ ಮನೆಗೆ ಹೊರಟ ಮಗಳ ಪೆಟ್ಟಿಗೆಯಲ್ಲಿ ಮೂರು ವರ್ಷದವಳಿದ್ದಾಗಿನ ಎಕೊ ವರದಿಯನ್ನು ಇಟ್ಟು ಕಳುಹಿಸುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ?

ಈ ಆತಂಕ ಕೇವಲ ಪುಸ್ತಕದ್ದಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ಪ್ರದೇಶದಲ್ಲಿ ಹೃದಯಕ್ಕೆ ರಕ್ತಪೂರೈಕೆಯ ಕೊರತೆಯ ಶಂಕೆಯಿಂದ ಆಂಜಿಯೊಗ್ರಾಂ ಮಾಡಿಸಿಕೊಂಡ 40 ವರ್ಷದೊಳಗಿನವರ ಚಿತ್ರಗಳನ್ನು ಮರುಪರಿಶೀಲಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಶೇ 5 ಮಂದಿಯ ನಾಳಗಳಲ್ಲಿ ಬಾಲ್ಯದ ಕಾವಾಸಾಕಿಯ ಗುರುತುಗಳಿದ್ದವು.

ಹಾಸನದ ಎಚ್ಚರಿಕೆ

2025ರ ಮೇ–ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ರಾಜ್ಯವನ್ನೇ ತಲ್ಲಣಗೊಳಿಸಿತು. ಮೃತರಲ್ಲಿ ಯುವಕರೂ ಇದ್ದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಗಾಬರಿಪಡುವಂತಹ ಹಠಾತ್ ಏರಿಕೆ ಕಂಡುಬಂದಿಲ್ಲವೆಂದು ವರದಿ ಬಂದರೂ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳ ಮಾಹಿತಿ ಸಂಗ್ರಹ ಮತ್ತು ಶವಪರೀಕ್ಷೆಯ ಅಗತ್ಯವನ್ನು ಸರ್ಕಾರ ಒಪ್ಪಿಕೊಂಡಿತು. ಇದು ಸ್ವಾಗತಾರ್ಹ. ನಡುವಯಸ್ಸಿನವರ ಹೃದಯಾಘಾತಕ್ಕೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನಗಳೇ ಪ್ರಧಾನ ಕಾರಣಗಳೆಂಬುದರಲ್ಲಿ ಸಂದೇಹವಿಲ್ಲ. ಕಾವಾಸಾಕಿ ಅದರಲ್ಲಿ ಚಿಕ್ಕ ಪಾಲು ಮಾತ್ರ. ಆದರೆ ಎಳೆಯ ವಯಸ್ಸಿನವರ ಹಠಾತ್ ಸಾವಿನ ಕಾರಣಗಳನ್ನು ಪಟ್ಟಿ ಮಾಡುವಾಗ ‘ಬಾಲ್ಯದಲ್ಲಿ ದೀರ್ಘ ಜ್ವರ ಬಂದಿತ್ತೇ?’ ಎಂಬ ಪ್ರಶ್ನೆಯೂ ನಮೂನೆಯಲ್ಲಿ ಇರಬೇಕು. ಕೇಳದ ಪ್ರಶ್ನೆಗೆ ಯಾವ ಸಮಿತಿಯೂ ಉತ್ತರ ಕಂಡುಕೊಳ್ಳಲಾರದು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಅಗಲಿದ ಬಳಿಕ ಅವರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ಇಸಿಜಿ ಸೌಲಭ್ಯವನ್ನೂ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನೂ ಒದಗಿಸಿದೆ. ಅದು ಆಘಾತವಾದ ನಂತರದ ಮೊದಲ ಗಂಟೆಗಳ ವ್ಯವಸ್ಥೆ. ನಾನಿಲ್ಲಿ ಕೇಳುತ್ತಿರುವುದು ಆಘಾತಕ್ಕೂ ಹತ್ತಿಪ್ಪತ್ತು ವರ್ಷ ಮೊದಲಿನ ವ್ಯವಸ್ಥೆಯನ್ನು; ಅದರ ಖರ್ಚು ತೀರಾ ಕಡಿಮೆ.

ಹದಿನೈದು ದಿನಗಳ ಲೆಕ್ಕ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿರುವುದು ನಮ್ಮ ಆರೋಗ್ಯ ವೆಚ್ಚದ ರಚನೆ. ರಾಜ್ಯದ ಬಡ ಕುಟುಂಬಗಳಿಗೆ ಉಚಿತ ಉನ್ನತ ಚಿಕಿತ್ಸೆ ನೀಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಗುಲ್ಬರ್ಗ ವಿಭಾಗದಲ್ಲೇ. ಯೋಜನೆಯ ಗಡಿರೇಖೆಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿ, ಯೋಜನೆಯಿದ್ದ ಕಡೆ ಬಡವರ ಸಾವು ಕಡಿಮೆಯಾದದ್ದನ್ನು ತೋರಿಸಿತು. ಸರ್ಕಾರದ ಹಣ ಜೀವ ಉಳಿಸಬಲ್ಲದು ಎಂಬುದಕ್ಕೆ ಈ ಪ್ರದೇಶವೇ ಸಾಕ್ಷಿ. ಮುಂದೆ 2018ರಲ್ಲಿ ಬಂದ ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತದೊಂದಿಗೆ ಬೆಸೆದುಕೊಂಡು, ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು.

ಆದರೆ ಇಂತಹ ಯೋಜನೆಗಳೆಲ್ಲ ಹಾಸಿಗೆಯ ಸುತ್ತ ಕಟ್ಟಿದವು. ರೋಗಿ ದಾಖಲಾದರೆ ಹಣ; ಬಿಡುಗಡೆಯಾದರೆ ಮುಕ್ತಾಯ. ಆಯುಷ್ಮಾನ್ ಭಾರತದ ನಿಯಮದಂತೆ ಆಸ್ಪತ್ರೆಯಿಂದ ಹೊರಬಂದ 15 ದಿನಗಳವರೆಗಿನ ವೆಚ್ಚ ಮಾತ್ರ ಯೋಜನೆಗೆ ಸೇರುತ್ತದೆ. ಕಾವಾಸಾಕಿ ಮಗುವಿಗೆ ಎಕೊ ಬೇಕಾಗುವುದು ಕಾಯಿಲೆ ಪತ್ತೆಯಾದಾಗ, ಬಳಿಕ ಒಂದೆರಡು ವಾರಗಳಲ್ಲಿ, ಅನಂತರ ನಾಲ್ಕರಿಂದ ಆರು ವಾರಗಳ ಹೊತ್ತಿಗೆ. ಎಲ್ಲಕ್ಕಿಂತ ನಿರ್ಣಾಯಕವಾದ ಆ ಕೊನೆಯ ಎಕೊ ಈ ಲೆಕ್ಕದ ಹೊರಗೆ ಬೀಳುತ್ತದೆ. ಔಷಧಕ್ಕೆ ಹತ್ತಾರು ಸಾವಿರ ರೂಪಾಯಿ ಸುರಿದ ವ್ಯವಸ್ಥೆ, ಆ ಖರ್ಚು ಫಲ ನೀಡಿತೇ ಎಂದು ತಿಳಿಯಲು ಬೇಕಾದ ಅಲ್ಪ ಮೊತ್ತಕ್ಕೆ ಹಿಂಜರಿಯುತ್ತದೆ. ಕೆರೆಗೆ ಏರಿ ಕಟ್ಟಿಸಿ ತೂಬಿನ ಕಾವಲುಗಾರನ ಹುದ್ದೆಯನ್ನು ರದ್ದು ಮಾಡಿದಂತೆ!

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತವಾದರೂ ಕುಟುಂಬದ ಖರ್ಚು ಸೊನ್ನೆಯಾಗುವುದಿಲ್ಲ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ತಾಯಿಗೆ ಬಸ್ ಪ್ರಯಾಣ ಉಚಿತವಾಗಿದೆ ನಿಜ. ಆದರೆ ಕೋಡ್ಲಾದಿಂದ ಸೇಡಂ, ಸೇಡಂನಿಂದ ಕಲಬುರಗಿ, ಅಲ್ಲಿ ಸರದಿ, ಮತ್ತೆ ಹಿಂದಿರುಗುವುದು ಎಂದರೆ ಒಂದು ದಿನದ ಕೂಲಿ ಹೋದಂತೆ. ಗುತ್ತಿಗೆಯಲ್ಲಿರುವ ತಂದೆಗೆ ಕೆಲವೊಮ್ಮೆ ಕೆಲಸವೇ ಹೋದಂತೆ. ಗುತ್ತಿಗೆದಾರ ಬದಲಾದಾಗ ಇಎಸ್‌ಐ ಸೌಲಭ್ಯದಲ್ಲೂ ತೊಡಕು. ಚಿಂಚೋಳಿಯ ತಾಂಡಾಗಳಿಂದ ಪ್ರತಿ ವರ್ಷ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳ ಪಾಡು ಇನ್ನೂ ಕಷ್ಟ. ವಾಡಿ, ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದ್‌ಗೆ ರೈಲು ಇರುವುದರಿಂದ ಈ ಭಾಗದ ರೋಗಿಗಳು ಚಿಕಿತ್ಸೆಗೆಂದು ಹೈದರಾಬಾದ್‌ಗೆ ಹೋಗುವುದೂ ಸಾಮಾನ್ಯ. ಜ್ವರ ಒಂದು ರಾಜ್ಯದಲ್ಲಿ, ಎಕೊ ಇನ್ನೊಂದರಲ್ಲಿ, ಶಾಲೆ ಮತ್ತೊಂದರಲ್ಲಿ ಎಂದಾದರೆ ದಾಖಲೆ ಎಲ್ಲಿರಬೇಕು? ಸದ್ಯಕ್ಕೆ ಅದು ತಾಯಿಯ ನೆನಪಿನಲ್ಲಿ ಮಾತ್ರ ಇರುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಸೇಡಂ, ಚಿಂಚೋಳಿ, ಚಿತ್ತಾಪುರ ಮೂರೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು; ಶಹಾಬಾದ್ ಮತ್ತು ವಾಡಿ ಆಗ ಚಿತ್ತಾಪುರ ತಾಲ್ಲೂಕಿನಲ್ಲೇ ಇದ್ದವು. ದೇಶಕ್ಕೆ ಸಿಮೆಂಟನ್ನೂ ಹಾಸುಗಲ್ಲನ್ನೂ ಒದಗಿಸುವ ನೆಲ ಇದು. ಇಲ್ಲಿನ ಜನ ದೂಳಿನ ಬಗ್ಗೆ ದೂರುವಾಗ, ಮಕ್ಕಳ ಈ ಕಾಯಿಲೆಗೂ ದೂಳೇ ಕಾರಣವೆಂಬ ಮಾತು ಬರುವುದುಂಟು. ಅದಕ್ಕೆ ಆಧಾರವಿಲ್ಲ, ಕಾರಣ ಗೊತ್ತಿಲ್ಲದ ಕಾಯಿಲೆಗೆ ಸಿಕ್ಕಿದ ಕಾರಣವನ್ನು ಅಂಟಿಸುವುದು ಸರಿಯಲ್ಲ. ಆದರೆ ಗಾಳಿಯಲ್ಲಿನ ಸೂಕ್ಷ್ಮ ಕಣಗಳು ವಯಸ್ಕರ ಹೃದ್ರೋಗವನ್ನು ಹೆಚ್ಚಿಸುತ್ತವೆ ಎಂಬುದು ಸಾಬೀತಾದ ಸಂಗತಿ. ಬಾಲ್ಯದಲ್ಲೇ ನಾಳಕ್ಕೆ ಪೆಟ್ಟು ಬಿದ್ದವನು ಇಂತಹ ಗಾಳಿಯಲ್ಲಿ ದುಡಿದು ಬದುಕಬೇಕಾದಾಗ ಎಚ್ಚರಿಕೆ ಇಮ್ಮಡಿಯಾಗಬೇಕು ಎಂದಷ್ಟೇ ಹೇಳಬಹುದು.

ಆಕ್ಷೇಪಕ್ಕೆ ಉತ್ತರ

ಅಪರೂಪದ ಕಾಯಿಲೆಯೊಂದಕ್ಕೆ ಇಷ್ಟು ಗಮನ ಬೇಕೇ ಎಂದು ಕೇಳಬಹುದು. ಅಪೌಷ್ಟಿಕತೆ, ರಕ್ತಹೀನತೆ, ಶಿಶುಮರಣಗಳಿಂದ ಇನ್ನೂ ನರಳುತ್ತಿರುವ ಜಿಲ್ಲೆಗೆ ಸಂಬಂಧಿಸಿ ಈ ಆಕ್ಷೇಪ ನ್ಯಾಯವಾದದ್ದೇ. ಆಡಳಿತದಲ್ಲಿದ್ದಾಗ ನಾನೂ ಇದೇ ಪ್ರಶ್ನೆಯನ್ನು ಹಲವು ಪ್ರಸ್ತಾವನೆಗಳ ಅಂಚಿನಲ್ಲಿ ಬರೆದಿದ್ದೇನೆ. ಸೀಮಿತ ಹಣವನ್ನು ಹೆಚ್ಚು ಜನರಿಗೆ ನೆರವಾಗುವ ಕಡೆ ತೊಡಗಿಸಬೇಕು ಎಂಬುದನ್ನು ಈಗಲೂ ಒಪ್ಪುತ್ತೇನೆ.

ಆದರೆ ಇಲ್ಲಿ ಬೇಕಾಗಿರುವುದು ಕಾವಾಸಾಕಿಗೆಂದೇ ಪ್ರತ್ಯೇಕ ಇಲಾಖೆಯಲ್ಲ. ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳು, ಗಂಟಲು ಸೋಂಕಿನ ಬಳಿಕ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕೆಟ್ಟ ಮಕ್ಕಳು, ಕೋವಿಡೋತ್ತರ ಉರಿಯೂತಕ್ಕೆ ತುತ್ತಾದ ಮಕ್ಕಳು, ಕಾವಾಸಾಕಿಯ ಮಕ್ಕಳು, ಈ ನಾಲ್ಕೂ ಗುಂಪಿಗೆ ಬೇಕಾಗಿರುವುದು ಒಂದೇ: ಹೆಸರು ಬರೆದುಕೊಂಡು ಮತ್ತೆ ಕರೆಯುವ ವ್ಯವಸ್ಥೆ. ಸಂಧಿವಾತ ಹೃದ್ರೋಗದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ತಪ್ಪದೆ ಬೀಳಬೇಕು; ಅಲ್ಲಿಯೂ ಸೋಲುತ್ತಿರುವುದು ಔಷಧವಲ್ಲ, ಅನುಸರಣೆ. ಹೀಗೆ ನೋಡಿದಾಗ ಫಲಾನುಭವಿಗಳ ಸಂಖ್ಯೆ ಸಣ್ಣದಲ್ಲ.

ಇದಕ್ಕೆ ಬೇಕಾದ ಕಟ್ಟಡ, ಸಿಬ್ಬಂದಿ ಬಹುಮಟ್ಟಿಗೆ ಇವೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಸಂವಿಧಾನದ 371(ಜೆ) ವಿಧಿಯನ್ನು ನೆನಪಿಸುವ ಸಂಖ್ಯೆ ಅದು. ಅದೇ ಊರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇಎಸ್‌ಐ ವೈದ್ಯಕೀಯ ಕಾಲೇಜೂ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕೆಂಬ ನಿಯಮವಿದೆ. ಅವರ ತಪಾಸಣಾ ಪಟ್ಟಿಯಲ್ಲಿ ಜನ್ಮಜಾತ ಹೃದಯದೋಷವೂ ಸಂಧಿವಾತ ಹೃದ್ರೋಗವೂ ಇವೆ; ಕಾವಾಸಾಕಿ ಇಲ್ಲ.

ಏನು ಮಾಡಬಹುದು?

ಮೊದಲನೆಯದಾಗಿ, ಒಂದು ಕಾರ್ಡು. ಜಪಾನಿನಲ್ಲಿ ಕಾವಾಸಾಕಿ ಬಂದು ಹೋದ ಮಗುವಿನ ಪೋಷಕರಿಗೆ ಕಾಯಿಲೆಯ ಸಾರಾಂಶವಿರುವ ಕಾರ್ಡನ್ನು ನೀಡುವ ಪದ್ಧತಿಯಿದೆ. ಅಲ್ಲಿ ಈ ಕಾಯಿಲೆಯ ರಾಷ್ಟ್ರವ್ಯಾಪಿ ಸಮೀಕ್ಷೆ 1970ರಿಂದಲೂ ನಡೆಯುತ್ತಿದೆ. ನಮ್ಮಲ್ಲಿ ಪ್ರತಿ ಮನೆಗೂ ಪರಿಚಿತವಾದ ತಾಯಿ ಕಾರ್ಡ್ ಇದ್ದೇ ಇದೆ. ಕಾಯಿಲೆ ಬಂದ ದಿನ, ಔಷಧ ನೀಡಿದ ದಿನ ಮತ್ತು ಪ್ರಮಾಣ, ನಾಳದ ಅತಿ ಹೆಚ್ಚಿನ ಅಳತೆ, ಮುಂದಿನ ಭೇಟಿಯ ದಿನಾಂಕ ಇಷ್ಟನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಅದಕ್ಕೆ ಅಂಟಿಸಿದರೆ ಸಾಕು. ಡಿಜಿಟಲ್ ದಾಖಲೆಯೂ ಆಗಲಿ. ಆದರೆ ಗೋಡೆಯ ಗೂಡಿನಲ್ಲಿ ಇಟ್ಟುಕೊಳ್ಳಬಹುದಾದ ಕಾಗದವನ್ನು ಅದಕ್ಕಾಗಿ ಬಿಡಬಾರದು.

ಎರಡನೆಯದಾಗಿ, ಜಿಲ್ಲೆಗೊಂದು ಮಕ್ಕಳ ಹೃದಯ ನೋಂದಣಿ ಪುಸ್ತಕ. ಕಲಬುರಗಿಯ ಜಯದೇವ ಶಾಖೆ ಅದರ ಪಾಲಕನಾಗಲಿ. ತಪ್ಪಿಸಿಕೊಂಡ ಮಗುವಿನ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಆಶಾ ಕಾರ್ಯಕರ್ತೆಗೆ ತಲುಪಲಿ. ಕ್ಷಯರೋಗಿಯ ಬೆನ್ನುಬಿದ್ದು ಮಾತ್ರೆ ನುಂಗಿಸಬಲ್ಲ ವ್ಯವಸ್ಥೆಗೆ ವರ್ಷಕ್ಕೊಮ್ಮೆ ಒಂದು ಮಗುವನ್ನು ಕರೆಸುವುದು ಅಸಾಧ್ಯವಲ್ಲ.

ಮೂರನೆಯದಾಗಿ, ವಿಮಾ ಪ್ಯಾಕೇಜಿನ ತಿದ್ದುಪಡಿ. ಕಾವಾಸಾಕಿಯ ಚಿಕಿತ್ಸೆಯ ಮೊತ್ತದಲ್ಲೇ ಆರನೆಯ ವಾರದ ಎಕೊ ವೆಚ್ಚವನ್ನೂ, ನಾಳ ಉಬ್ಬಿದ್ದರೆ ಮುಂದಿನ ವಾರ್ಷಿಕ ತಪಾಸಣೆಯನ್ನೂ ಸೇರಿಸಬೇಕು. ಆ ಎಕೊ ಆದ ಮೇಲೆಯೇ ಆಸ್ಪತ್ರೆಗೆ ಕೊನೆಯ ಕಂತು ಪಾವತಿಯಾಗಲಿ. ಆಗ ಮಗುವನ್ನು ಮರಳಿ ಕರೆಸುವ ಆಸಕ್ತಿ ಆಸ್ಪತ್ರೆಗೂ ತಾನಾಗಿಯೇ ಹುಟ್ಟುತ್ತದೆ.

ನಾಲ್ಕನೆಯದಾಗಿ, ಶಾಲಾ ತಪಾಸಣೆಯ ನಮೂನೆಯಲ್ಲಿ ಒಂದು ಪ್ರಶ್ನೆ: ‘ಈ ಮಗುವಿಗೆ ಹಿಂದೆ ಎಂದಾದರೂ ಜ್ವರದ ನಂತರ ಹೃದಯದ ಎಕೊ ಮಾಡಿಸಲಾಗಿತ್ತೇ?’ ಹೌದೆಂದಾದರೆ ಮುಂದಿನ ದಾರಿ ನೋಂದಣಿ ಪುಸ್ತಕಕ್ಕೆ. ಹಾಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಒಂದು ಸರಳ ಸೂತ್ರ ತಲುಪಬೇಕು: ಐದನೆಯ ದಿನಕ್ಕೂ ಇಳಿಯದ ಜ್ವರ, ಕೆಂಪು ಕಣ್ಣು, ಕೆಂಪು ತುಟಿ ಕಂಡರೆ ಚರ್ಮ ಸುಲಿಯುವವರೆಗೆ ಕಾಯದೆ ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು.

ಪೋಷಕರಿಗೂ ಎರಡು ಮಾತು. ಆಸ್ಪಿರಿನ್ ಸೇವಿಸುತ್ತಿರುವ ಮಗುವಿಗೆ ಫ್ಲೂ ಅಥವಾ ಸಿಡುಬಿನಂತಹ ಸೀತಾಳೆ ಸಿಡುಬು ತಗುಲಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅಪರೂಪವಾದರೂ ಮಿದುಳು ಮತ್ತು ಯಕೃತ್ತಿಗೆ ಅಪಾಯವಿದೆ. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳು ಮುಂದೂಡುತ್ತಾರೆ. ಲಸಿಕೆ ಹಾಕುವ ಸಹಾಯಕಿಗೆ ಇದನ್ನು ಹೇಳಬೇಕು, ಅವಧಿ ಮುಗಿದ ಮೇಲೆ ಮರೆಯದೆ ಹಾಕಿಸಬೇಕು.

ಕೋಡ್ಲಾದ ಆ ಹುಡುಗನಿಗೆ ಹೊಸದಾಗಿ ಎಕೊ ಆಯಿತು. ನಾಳಗಳು ಈಗ ಸಹಜವಾಗಿ ಕಾಣುತ್ತವೆ ಎಂದರು. ಹಿಂದೆ ಉಬ್ಬು ಎಷ್ಟಿತ್ತೆಂದು ತಿಳಿದಿದ್ದರೆ ಅಂದೇ ಒಂದು ಮಾತು ಹೇಳಿಬಿಡಬಹುದಿತ್ತು. ತಿಳಿಯದ ಕಾರಣ ಶ್ರಮ ಪರೀಕ್ಷೆ, ಬೇಕಾದರೆ ನಾಳಗಳ ಸಿ.ಟಿ. ಚಿತ್ರಣವೂ ಆಗಲಿ ಎಂದರು ವೈದ್ಯರು. ಅದು ಜವಾಬ್ದಾರಿಯುತ ಸಲಹೆಯೇ. ಕಳೆದುಹೋದ ಒಂದು ಹಾಳೆಯ ಬೆಲೆಯನ್ನು ಆ ಕುಟುಂಬ ಈಗ ಕೂಲಿಯ ದಿನಗಳಲ್ಲಿ ತೆರುತ್ತಿದೆ. ಪರೀಕ್ಷೆಗಳು ಮುಗಿಯುವವರೆಗೆ ಹುಡುಗ ತಂಡದ ಜೊತೆ ಹೋಗಿ ಅಂಕ ಬರೆದುಕೊಳ್ಳುತ್ತಾನೆ, ಆಡುವುದಿಲ್ಲ. ಅವನು ಆಡಬಹುದಾದ ಹುಡುಗನೇ ಆಗಿದ್ದರೆ, ಈ ಕಳೆದ ದಿನಗಳನ್ನು ಅವನಿಗೆ ಹಿಂದಿರುಗಿಸುವವರು ಯಾರು? ಆಡಬಾರದ ಹುಡುಗನಾಗಿದ್ದರೆ, ಇಷ್ಟು ವರ್ಷ ಬಯಲಿನಲ್ಲಿ ಓಡಿದ್ದು ಯಾರ ಭರವಸೆಯ ಮೇಲೆ? ಎರಡೂ ಪ್ರಶ್ನೆಗಳಿಗೆ ಉತ್ತರಿಸಬೇಕಾದದ್ದು ಆ ತಾಯಿಯಲ್ಲ.